ಸಂದಿ ಇಲ್ಲದ ಗೋಡೆ

ನನ್ನ ಕೆಲಸವನ್ನು ಯಾರಾದರೂ ಕಳಪೆ ಎಂದರೆ ಮೈಯೆಲ್ಲ ಉರಿಯುತ್ತದೆ. ಹಳೆಯ ಕಚೇರಿಗಳಲ್ಲಿ ಎಸಿಯ ತಂಪು ಸೋರಿಹೋಗುವ ಸಂದಿಗಳನ್ನು ಹುಡುಕಿ, ಮುಚ್ಚಿ, ಕರೆಂಟ್ ಉಳಿಸಿಕೊಡುವವಳು ನಾನು. ಹೊಗೆಬತ್ತಿ ಹಿಡಿದರೆ ಸಂದಿ ಎಲ್ಲಿದೆಯೆಂದು ಹೊಗೆಯೇ ತೋರಿಸುತ್ತದೆ.

ಅಂಥದೊಂದು ಕಚೇರಿ ಕಟ್ಟಡದ ಮೇಲಿನ ಮಹಡಿಯ ಮೂಲೆಕೋಣೆಯನ್ನು ಎಲ್ಲ ಕಡೆಯಿಂದಲೂ ಬಿಗಿಯಾಗಿ ಮುಚ್ಚಿದ್ದೆ. ಮಟಮಟ ಮಧ್ಯಾಹ್ನ ಎಸಿ ಆರಿಸಿ ಬತ್ತಿ ಹಿಡಿದೆ. ಹೊಗೆ ನುಣ್ಣನೆಯ ಗೋಡೆಯತ್ತ ಎಳೆದುಕೊಂಡು ಹೋಯಿತು; ತುಸು ತಡೆದು ವಾಪಸು ಬಂದು ನನ್ನ ಕೆನ್ನೆಗೆ ತಾಗಿತು. ಬೆಚ್ಚಗಿತ್ತು. ಮತ್ತೆ ಹೋಯಿತು, ಮತ್ತೆ ಬಂತು. ಆ ಗೋಡೆಯಾಚೆ ಕೋಣೆಯಿಲ್ಲ, ಬರೀ ಆಕಾಶ.

ಮ್ಯಾನೇಜರನ್ನು ಕರೆದು ತೋರಿಸಿದೆ.

“ನಿಮ್ಮ ಉಸಿರಿಗೇ ಹೊಗೆ ಆಡ್ತಿದೆಯಲ್ರೀ! ಮಾಡಿದ್ದು ಅರೆಬರೆ ಕೆಲಸ, ಮೇಲೆ ಕಥೆ ಬೇರೆ,” ಎಂದರು.

“ಹಾಗಾದ್ರೆ ಇಬ್ರೂ ಉಸಿರು ಹಿಡಿಯೋಣ ಬನ್ನಿ ಸಾರ್,” ಎಂದೆ ಸಿಟ್ಟಿನಿಂದ.

ಹಿಡಿದೆವು. ಹೊಗೆ ಹೋಗುತ್ತ ಬರುತ್ತಲೇ ಇತ್ತು. ಕೊನೆಗೆ ಅವರು ತಡೆಯಲಾರದೆ ಏದುಸಿರು ಬಿಟ್ಟರು. ಆಗ ಹೊಗೆ ನಿಂತಲ್ಲೇ ನಿಂತಿತು, ಯಾರೋ ಕಿವಿಗೊಟ್ಟ ಹಾಗೆ.

ಅವರು ನನ್ನನ್ನು ಹೊರಗೆಳೆದು ಬಾಗಿಲಿಗೆ ಬೀಗ ಜಡಿದರು. ತಪ್ಪಾಯಿತು ಎನ್ನುವ ಮಾತಿಲ್ಲ. “ಈ ಬಾಗಿಲ ಸಂದೀನೂ ಮುಚ್ಚಿಬಿಡಿ. ಪೂರ್ತಿ,” ಎಂದು ಹುಕುಂ ಮಾಡಿದರು.

ನನಗೆ ರೇಗಿಹೋಯಿತು. “ಮುಚ್ಚಲ್ಲ ಸಾರ್. ಒಳಗಿರೋರಿಗೆ ಉಸಿರಾಡೋದು ಬೇಡ್ವಾ?”

ಅವರು ಬೀಗದ ಕೈಯನ್ನು ಜೇಬಿಗಿಳಿಸಿ ದಡದಡನೆ ಮೆಟ್ಟಿಲಿಳಿದರು. ಒಳಗೆ ಯಾರಿದ್ದಾರೆ ಎಂದು ಮಾತ್ರ ಕೇಳಲಿಲ್ಲ.