ಸಹಿ ಹಾಕಬೇಡಿ ಅಂದವನು

"ಇದರಲ್ಲಿ ನಿಮಗೆಷ್ಟು ಸಿಗುತ್ತೆ?"

ಹಿಂದಿನ ಸಾಲಿನಿಂದ ಬಂದ ಆ ಹೆಣ್ಣುದನಿಗೆ ಇಡೀ ವಿಶ್ರಾಂತಿ ಕೋಣೆಯೇ ತಿರುಗಿ ನೋಡಿತು.

ಬಂದರಿನ ಕೆಲಸಗಾರರು, ಸುಮಾರು ಐವತ್ತು ಜನ. ಎಲ್ಲರೂ ಬೇರೆ ದೇಶದಿಂದ ಬಂದು ಇಲ್ಲಿ ದುಡಿಯುತ್ತಿದ್ದವರು. ಅವರೆದುರು ಟೈ ಕಟ್ಟಿಕೊಂಡು ನಿಂತು, ಅರವತ್ತರ ನಂತರದ ನೆಮ್ಮದಿಯ ಬಗ್ಗೆ ಹೇಳುತ್ತಿದ್ದ ಹಣಕಾಸು ಸಲಹೆಗಾರ ಗಕ್ಕನೆ ಮಾತು ನಿಲ್ಲಿಸಿದ.

ಕೇಳಿದವಳು ಆಗಷ್ಟೇ ಕ್ರೇನಿನಿಂದ ಇಳಿದು ಬಂದಿದ್ದಳು. ಹೆಲ್ಮೆಟ್ ಕಂಕುಳಲ್ಲಿತ್ತು, ಹಣೆಯ ಮೇಲೆ ಅದರ ಕೆಂಪು ಗುರುತು. ನಲವತ್ತು ಮೀಟರ್ ಎತ್ತರದ ಗಾಜಿನ ಗೂಡಿನಲ್ಲಿ ಕೂತು ಹಡಗಿನಿಂದ ಕಂಟೇನರ್ ಇಳಿಸುವವಳು ಅವಳು. ಆ ಬಂದರಿನಲ್ಲಿ ಆ ಕೆಲಸ ಮಾಡುವ ಒಬ್ಬಳೇ ಹೆಣ್ಣು! ಮೇಲೆ ಕೂತರೂ ಕೆಳಗಿನ ಕಡ್ಡಿಯೂ ಕಣ್ತಪ್ಪುವುದಿಲ್ಲ ಅಂತ ಮೇಸ್ತ್ರಿ ಅವಳಿಗೆ 'ಗರುಡಮ್ಮ' ಅಂತ ಹೆಸರಿಟ್ಟಿದ್ದ.

"ನಾನು ಸಹಿ ಹಾಕಿದ್ರೆ ನಿಮಗೆಷ್ಟು ಕಮಿಷನ್ ಅಂತ ಕೇಳ್ದೆ."

ಕೆಲವರು ಕಿಸಕ್ಕನೆ ನಕ್ಕರು. ಬಾಗಿಲ ಬಳಿ ನಿಂತಿದ್ದ ಅವನ ಮ್ಯಾನೇಜರ್ ಗಂಟಲು ಸರಿಮಾಡಿಕೊಂಡ. ಆದರೆ ಸಲಹೆಗಾರ ಅವಳನ್ನೇ ನೋಡಿದ.

"ಮೊದಲ ಒಂದೂವರೆ ವರ್ಷ ನೀವು ಕಟ್ಟೋದ್ರಲ್ಲಿ ದೊಡ್ಡ ಪಾಲು ಕಂಪನಿಗೆ ಹೋಗುತ್ತೆ ಮೇಡಂ. ಅದರಲ್ಲಿ ನನಗೂ ಒಂದಿಷ್ಟು ಬರುತ್ತೆ."

ಮ್ಯಾನೇಜರ್ ಮುಖ ಕೆಂಪೇರಿತು.

ಅಬ್ಬಾ... ಇವನು ಸುಳ್ಳು ಹೇಳಲಿಲ್ಲವಲ್ಲ!

ಅವಳೆದೆಯಲ್ಲಿ ಏನೋ ಸಣ್ಣಗೆ ಅಲುಗಾಡಿತು.

ಈ ದೇಶಕ್ಕೆ ಬಂದು ಅವಳಿಗೆ ಒಂಬತ್ತು ವರ್ಷ. ಹೊರಗಿನವರಿಗೆ ಇಲ್ಲಿ ಪಿಂಚಣಿ ಇಲ್ಲ. ಎರಡು ವರ್ಷಕ್ಕೊಮ್ಮೆ ವೀಸಾ, ಎರಡು ವರ್ಷಕ್ಕೊಮ್ಮೆ ಕರಾರು. ಊರಿನ ಪಿಂಚಣಿ ಖಾತೆಯೋ, ಬಿಟ್ಟು ಬಂದ ದಿನವೇ ನಿಂತುಹೋಗಿತ್ತು. ಅಲ್ಲಿ ಅಮ್ಮ ಅರವತ್ತೆಂಟರಲ್ಲೂ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. "ನನ್ನ ಖರ್ಚಿಗೆ ನಾನೇ ದುಡೀತೀನಿ. ನೀನು ನಿನ್ನ ಮುಂದಿನದು ನೋಡ್ಕೊ ಮಗಳೇ" ಅನ್ನುವ ಜಾತಿ. ಆ ಸೊಕ್ಕು ಮಗಳಿಗೂ ಬಂದಿತ್ತು. ಮುಪ್ಪಿನಲ್ಲಿ ಯಾರ ಮುಂದೆಯೂ ಕೈಚಾಚಬಾರದು... ಅವಳಿಗಿದ್ದದ್ದು ಅದೊಂದೇ ಹಟ.

ಆಮೇಲೆ ಪ್ರತಿ ವಾರದ ರಜೆ ದಿನ, ಬಂದರಿನ ಗೇಟಿನ ಪಕ್ಕದ ಕ್ಯಾಂಟೀನಿಗೆ ಅವನು ಬರತೊಡಗಿದ. ಅವಳು ಪ್ರಶ್ನೆಗಳ ಪಟ್ಟಿ ತರುತ್ತಿದ್ದಳು. ಅವನು ಒಂದನ್ನೂ ಹಾರಿಸದೆ ಉತ್ತರಿಸುತ್ತಿದ್ದ.

ಒಮ್ಮೆ ಅವನೇ ಕೇಳಿದ. "ಗಾಳಿಗೆ ಕಂಟೇನರ್ ತೂಗಾಡೋಕೆ ಶುರುವಾದ್ರೆ ಏನ್ಮಾಡ್ತೀರಿ?"

"ಅದು ಯಾವ ಕಡೆ ವಾಲುತ್ತೋ ಅದೇ ಕಡೆ ನಾನೂ ಒಂದಿಷ್ಟು ಹೋಗ್ತೀನಿ. ಸರಿಯಾಗಿ ಅದರ ತಲೆ ಮೇಲೆ ಹೋಗಿ ನಿಂತ್ರೆ ತಾನೇ ಸುಮ್ಮನಾಗುತ್ತೆ."

"ಅಷ್ಟು ಸುಲಭನಾ?"

"ಕಲಿಯೋಕೆ ನಾಲ್ಕು ವರ್ಷ ಹಿಡೀತು!"

ಅವನ ಕಣ್ಣಲ್ಲಿದ್ದದ್ದು ಬರೀ ಮೆಚ್ಚುಗೆಯಲ್ಲ, ಗೌರವ. ಹಾಗೆ ಅವಳನ್ನು ನೋಡಿದವರು ಕಡಿಮೆ.

ಆದರೆ ಒಂದು ವಿಷಯ ಚುಚ್ಚುತ್ತಿತ್ತು. "ಫಾರಂ ಕೊಡಿ, ತುಂಬ್ತೀನಿ" ಅಂದಾಗಲೆಲ್ಲ ಅವನು "ಮುಂದಿನ ವಾರ ನೋಡೋಣ" ಅನ್ನುತ್ತಿದ್ದ. ಮೂರು ಸಲ ಹೀಗಾಯಿತು.

"ದೊಡ್ಡ ಕುಳಗಳಿಗೆ ಫಾರಂ, ನಿನಗೆ ಬರೀ ಕಾಫಿ!" ಅಂತ ಮೇಸ್ತ್ರಿ ತಮಾಷೆ ಮಾಡಿದ.

ತಮಾಷೆಯೇ. ಆದರೂ ಅವಳಿಗೆ ಒಳಗೆ ಮುಳ್ಳು ಮುರಿದ ಹಾಗಾಯಿತು. ನನ್ನ ಉಳಿತಾಯ ಇವನ ಕಣ್ಣಿಗೆ ಚಿಲ್ಲರೆಯಾ? ಈ ಕ್ರೇನಿನವಳಿಗೆ ಇಷ್ಟೇ ಸಾಕು ಅಂದುಕೊಂಡನಾ?

ಮರುದಿನ ಮಧ್ಯಾಹ್ನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸೀದಾ ಅವನ ಕಂಪನಿಗೇ ಹೋದಳು.

ಮ್ಯಾನೇಜರ್ ಕುರ್ಚಿ ಎಳೆದು ಕೂರಿಸಿದ. ಫಾರಂ ಬಂತು, ಪೆನ್ನೂ ಬಂತು. ಅವಳು ಪೆನ್ನಿನ ಮುಚ್ಚಳ ತೆಗೆದಳು...

"ಸಹಿ ಹಾಕಬೇಡಿ!"

ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದವನು ಅವನೇ. ಏದುಸಿರು ಬಿಡುತ್ತಿದ್ದ.

"ಯಾಕೆ? ನನ್ನ ದುಡ್ಡು ನಿಮ್ಮ ಮಟ್ಟಕ್ಕೆ ಸಾಲಲ್ವಾ?" ಅವಳು ಪೆನ್ನು ಕೆಳಗಿಡದೆ ಕೇಳಿದಳು.

"ಅಯ್ಯೋ, ಅಲ್ಲ! ಇದು ಇಪ್ಪತ್ತೈದು ವರ್ಷದ ಕರಾರು. ನಿಮ್ಮ ವೀಸಾ ಎರಡು ವರ್ಷದ್ದು. ಮಧ್ಯದಲ್ಲಿ ನಿಲ್ಲಿಸಿದ್ರೆ ಮೊದಲು ಕಟ್ಟಿದ್ದು ಹೆಚ್ಚುಕಮ್ಮಿ ಕೈಗೆ ಬರಲ್ಲ. ಹದಿನೇಳನೇ ಪುಟ ಓದಿ. ಇದಕ್ಕೇ ನಿಮಗೆ ಫಾರಂ ಕೊಡೋಕೆ ಮನಸ್ಸು ಬರ್ಲಿಲ್ಲ. ಬಾಯಿಬಿಟ್ಟು ಹೇಳೋ ಧೈರ್ಯ ಇವತ್ತು ಬಂತು."

"ಏಯ್, ಹೊರಗೆ ನಡಿ!" ಮ್ಯಾನೇಜರ್ ಕಿರುಚಿದ.

ಅವನು ಕೊರಳಿನ ಗುರುತಿನ ಚೀಟಿ, ಕಂಪನಿಯ ಫೋನು ಎರಡನ್ನೂ ಮೇಜಿನ ಮೇಲಿಟ್ಟು ಹೊರಟುಹೋದ.

ಅವಳು ಎದ್ದು ಅವನ ಹಿಂದೆ ಓಡಲಿಲ್ಲ. ಹದಿನೇಳನೇ ಪುಟ ತೆಗೆದು ನಿಧಾನವಾಗಿ, ಪದ ಪದವಾಗಿ ಓದಿದಳು. ಅವನು ಹೇಳಿದ್ದು ಅಕ್ಷರಶಃ ನಿಜ.

"ಖರ್ಚು, ದಂಡ ಎಲ್ಲಾನೂ ಒಂದು ಹಾಳೇಲಿ ಬರೆದು ಕೊಡ್ತೀರಾ ಸರ್?"

"ಹಾಗೆಲ್ಲ ಬರೆದುಕೊಡೋ ಪದ್ಧತಿ ನಮ್ಮಲ್ಲಿಲ್ಲ ಮೇಡಂ."

"ಹಾಗಾದ್ರೆ ಸಹಿ ಹಾಕೋ ಪದ್ಧತಿ ನಮ್ಮಲ್ಲೂ ಇಲ್ಲ."

ತಲೆಯೆತ್ತಿ ಹೊರಬಂದಳು. ಬೀದಿಯಲ್ಲಿ ಆ ಕಡೆ, ಈ ಕಡೆ ಹುಡುಕಿದಳು. ಅವನಿರಲಿಲ್ಲ. ಅವಳ ಬಳಿ ಇದ್ದದ್ದು ಅವನ ಕಂಪನಿ ಫೋನಿನ ನಂಬರೊಂದೇ, ಅದೂ ಹೋಯಿತು.

ನನ್ನಿಂದ ಒಬ್ಬನ ಅನ್ನ ಹೋಯಿತಲ್ಲಾ... ಎಂಥಾ ಮಾತಂದುಬಿಟ್ಟೆ!

ಎರಡು ದಿನ ಅತ್ತಳು. ಮೂರನೇ ದಿನ ಮೇಸ್ತ್ರಿಯನ್ನು ಎದುರು ಕೂರಿಸಿಕೊಂಡು ಒಂದು ಹಾಳೆ ಬರೆದಳು. ವರ್ಷಕ್ಕೆ ನಿಮ್ಮ ಫೀಸೆಷ್ಟು? ಕಮಿಷನ್ ಬೇರೆ ಇದೆಯಾ? ಕೆಲಸ ಹೋದರೆ ಕಟ್ಟುವುದು ನಿಲ್ಲಿಸಬಹುದಾ? ದಂಡವೆಷ್ಟು? ಹಣ ಯಾರ ಹೆಸರಲ್ಲಿರುತ್ತೆ? ಐವತ್ತು ಜನರ ಪರವಾಗಿ ಆ ಹಾಳೆ ನಾಲ್ಕು ಕಂಪನಿಗಳಿಗೆ ಹೋಯಿತು. ಊರಿನ ಪಿಂಚಣಿ ಖಾತೆಗೂ ಅರ್ಜಿ ಹಾಕಿ ಮತ್ತೆ ಜೀವ ಕೊಟ್ಟಳು. ಉಳಿತಾಯದ ಅರ್ಧ ಅಲ್ಲಿ, ಇನ್ನರ್ಧ ಬರೆದುಕೊಡುವ ಧೈರ್ಯ ಯಾರಿಗಿದೆಯೋ ಅವರಲ್ಲಿ. ಇದು ಅವಳದೇ ತೀರ್ಮಾನ.

ಎರಡು ಕಂಪನಿ ಉತ್ತರಿಸಲೇ ಇಲ್ಲ. ಒಂದು ಬಣ್ಣದ ಪುಸ್ತಕ ಕಳಿಸಿತು. ನಾಲ್ಕನೆಯದು, ಮೂರೇ ಜನರ ಪುಟ್ಟ ಕಚೇರಿ, ಪ್ರತಿ ಪ್ರಶ್ನೆಯ ಕೆಳಗೂ ಉತ್ತರ ಬರೆದು, ಸಹಿ ಮಾಡಿ ಕಳಿಸಿತು.

ಎರಡು ತಿಂಗಳ ನಂತರ ಆ ಕಚೇರಿಯಿಂದ ಇಬ್ಬರು ವಿಶ್ರಾಂತಿ ಕೋಣೆಗೆ ಬಂದರು. ಒಬ್ಬರು ಕನ್ನಡಕದ ಹಿರಿಯ ಮಹಿಳೆ. ಇನ್ನೊಬ್ಬ...

ಅವನು!

ಸ್ವಲ್ಪ ಇಳಿದುಹೋಗಿದ್ದ. ಟೈ ಇರಲಿಲ್ಲ.

ಕೆಲಸಗಾರರು ಹಿರಿಯ ಮಹಿಳೆಯನ್ನು ಮುತ್ತಿಕೊಂಡಾಗ ಅವನು ಕಿಟಕಿಯ ಬಳಿ ಬಂದ.

"ಹೋದ ವಾರವಷ್ಟೇ ಈ ಕಚೇರಿಗೆ ಸೇರಿದೆ. ಅಲ್ಲಿ ನಿಮ್ಮ ಪ್ರಶ್ನೆಗಳ ಹಾಳೆ ಕಂಡಾಗ... ನಿಜ ಹೇಳ್ಬೇಕಂದ್ರೆ, ಹೆಮ್ಮೆಯಾಯ್ತು. ಆ ಕರಾರಿನಿಂದ ನಿಮ್ಮನ್ನ ನಾನು ಬಿಡಿಸಬೇಕಾಗಿರಲಿಲ್ಲ. ನೀವೇ ಐವತ್ತು ಜನರನ್ನ ಬಿಡಿಸಿದ್ರಿ."

"ಇಷ್ಟು ದಿನ ಎಲ್ಲಿದ್ರಿ? ಒಂದು ಸುದ್ದಿ ಕೊಡ್ಬಾರ್ದಿತ್ತಾ?"

"ಕೆಲಸ ಇಲ್ಲದೆ ನಿಮ್ಮ ಮುಂದೆ ನಿಲ್ಲೋಕೆ ಆಗ್ಲಿಲ್ಲ. ನನಗೂ ಸ್ವಲ್ಪ ಸೊಕ್ಕಿದೆ."

"ಸರಿ. ನನ್ನ ಖಾತೆ ನೀವೇ ನೋಡ್ಕೊಳ್ತೀರಿ ತಾನೆ?"

"ಇಲ್ಲ. ನಮ್ಮ ಮೇಡಂ ನೋಡ್ಕೊಳ್ತಾರೆ."

ಅವಳ ಮುಖ ಸಪ್ಪಗಾಯಿತು. "ಯಾಕೆ?"

"ನಿಮ್ಮ ಬಗ್ಗೆ ನನ್ನ ಮನಸ್ಸಲ್ಲಿರೋದು... ಸಲಹೆಗಾರನಿಗೆ ಇರಬಾರದ್ದು."

ಹೊರಗೆ ಹಡಗೊಂದು ಕೂಗಿತು. ಅವಳ ಕಿವಿಗೆ ಬಿದ್ದದ್ದು ತನ್ನ ಎದೆಬಡಿತ ಮಾತ್ರ!

"ನಮ್ಮಮ್ಮನಿಗೂ ಹೇಳಿದ್ದೀನಿ," ಅಂದ ಅವನು ಮೆಲ್ಲಗೆ.

"ಏನಂತ?"

"ನಾನು ಮದುವೆ ಆಗಬೇಕು ಅಂದುಕೊಂಡಿರೋ ಹುಡುಗಿ ದಿನಾ ನಲವತ್ತು ಮೀಟರ್ ಹತ್ತಿ ಕೆಲಸ ಮಾಡ್ತಾಳೆ ಅಂತ."

"ಮಾಡ್ತಾಳೆ?" ಹುಬ್ಬೇರಿಸಿದಳು. ಕಣ್ಣು ಮಾತ್ರ ತುಂಬಿ ಬಂದಿತ್ತು. "ಬೆನ್ನ ಹಿಂದೆ ಏಕವಚನ!"

"ಅಮ್ಮನ ಹತ್ರ ಹಾಗೇ ಬಂದುಬಿಡ್ತು... ಕ್ಷಮಿಸಿ."

"ಕ್ಷಮಿಸು ಅನ್ನು," ಅಂದಳು ಅವಳು.