ಕೆಂಬರೆಯ ಕಮರಿಗೆ ಹೋದ ಗಂಡ

ನಿಮ್ಮಜ್ಜನ ಅಜ್ಜ ಇನ್ನೂ ತೊಟ್ಟಿಲಿಗೂ ಬಂದಿರದ ಕಾಲ. ಕೆಂಬರೆ ಅನ್ನೋ ರಾಜ್ಯದಲ್ಲಿ ಒಂದು ದೊಡ್ಡ ಕಮರಿ ಇತ್ತು. ಎತ್ತ ನೋಡಿದರೂ ಕೆಂಪು ಬಂಡೆ, ತಳದಲ್ಲಿ ನೂಲಿನೆಳೆಯಷ್ಟು ಹೊಳೆ. ಆ ಚೆಂದ ನೋಡೋಕೆ ಹೊಸದಾಗಿ ಮದುವೆಯಾದ ನಿಂಬೆವ್ವ, ಸಿದರಾಯ ಬುತ್ತಿ ಕಟ್ಟಿಕೊಂಡು ಬಂದರು.

ಅಲ್ಲಿ ಕೂತಿದ್ದ ಹೆಂಗಸರಲ್ಲಿ ಲಗಮವ್ವ ಅನ್ನೋ ಮುದುಕಿ ಕೂಗಿದಳು, "ಅಂಚಿಗೆ ಹೋಗಬ್ಯಾಡಪ್ಪಾ!"

"ಹೋಗಬ್ಯಾಡ್ರಿ, ನನ್ನ ಎದಿ ಡವಡವ ಅಂತೈತಿ," ಅಂದಳು ನಿಂಬೆವ್ವ.

"ಅಂಜುಬುರುಕಿ!" ಅಂತ ಸಿದರಾಯ ಅಂಚಿಗೆ ಹೋಗಿ ಬಗ್ಗಿಯೇ ಬಿಟ್ಟ. ಹೇಳಿದ್ದು ಕೇಳೋ ಗಂಡಸಾಗಿದ್ದರೆ ನಾನ್ಯಾಕೆ ಈ ಕತೆ ಹೇಳಬೇಕಿತ್ತು! ತಳದಲ್ಲಿದ್ದ ಮಾಂತ್ರಿಕ ಕಲ್ಗಣ್ಣ ತನ್ನ ಒಂಟಿ ಕಣ್ಣು ತೆರೆದ. ಸಿದರಾಯ ಗಾಳಿಯಲ್ಲಿ ತೇಲಿಹೋಗಿ ಎದುರಿನ ಬಂಡೆಗೆ ಕಲ್ಲಾಗಿ ಅಂಟಿಕೊಂಡ. ಅಲ್ಲಿ ಅಂಥ ಗಂಡಸರು ನೂರು ಮಂದಿ ಇದ್ದರು.

ನಿಂಬೆವ್ವ ಬಾಯಿ ಬಡಿದುಕೊಂಡು ಅತ್ತಳು.

"ವರ್ಷಕ್ಕೊಂದೇ ದಿನ ಆ ಬಂಡೆಗೆ ಕಿವಿ ಬರ್ತಾವ, ತಂಗಿ. ಅದು ಇವತ್ತೇ," ಅಂದಳು ಲಗಮವ್ವ. "ಮೂರು ದಿಬ್ಬ ಅದಾವ. ಒಂದೊಂದರ ಮ್ಯಾಲೆ ನಿಂತು ಒಂದೊಂದು ಸಲ ನಿನ್ನ ಗಂಡನ್ನ ಕರಿ. ಹೊತ್ತು ಮುಳುಗಿದರ ಮುಗೀತು. ಈ ಹೆಂಗಸರ ಗಂಡಂದಿರೂ ಅಲ್ಲೇ ಅದಾರ. ನಾನು ನಲವತ್ತು ವರ್ಷದಿಂದ ಕರೀತೀನಿ, ನಮ್ಮವರು ಬಂದಿಲ್ಲ."

ನಲವತ್ತು ವರ್ಷ! ನಿಂಬೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮೊದಲ ದಿಬ್ಬ ಹತ್ತಿ ಕರೆದಳು, "ರೀ!"

"ಏನೇ?" ಅಂದವು ನೂರು ಕಲ್ಲುಗಳು ಒಟ್ಟಿಗೇ. ಒಂದೂ ಕದಲಲಿಲ್ಲ.

ಎರಡನೇ ದಿಬ್ಬಕ್ಕೆ ಓಡಿದಳು. "ನಮ್ಮ ಮನೆಯವರೇ!"

"ಏನೇ?" ಮತ್ತೆ ನೂರು ದನಿ. ಕಲ್ಗಣ್ಣ ಗಹಗಹಿಸಿ ನಕ್ಕ.

ಮೂರನೇ ದಿಬ್ಬ ಹತ್ತುವಾಗ ಸೂರ್ಯ ಬಂಡೆಯ ತುದಿಗೆ ಇಳಿದಿದ್ದ. ಹೆಸರು ಹಿಡಿದೇ ಕರೆಯಬೇಕು ಅಂತ ಅವಳಿಗೆ ಹೊಳೆಯಿತು. ಆದರೆ ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಮ್ಮಿಯಾಗುತ್ತೆ ಅಂತ ಅವ್ವ ಹೇಳಿದ್ದಳಲ್ಲ! ಅರ್ಧ ಸೂರ್ಯ ಮುಳುಗಿದ.

"ಕಮ್ಮಿಯಾದರ ನನ್ನ ಆಯುಷ್ಯ ತಗೋ ದೇವರೇ," ಅಂತ ಕಣ್ಣು ಮುಚ್ಚಿ ಕಿರುಚಿದಳು, "ಸಿದರಾಯಾ!"

"ಏನೇ?" ಒಂದೇ ದನಿ.

ಬಂಡೆ ಬಿರಿದು ಸಿದರಾಯ ಅವಳ ಪಕ್ಕಕ್ಕೆ ಬಂದು ಬಿದ್ದ. ಕಲ್ಗಣ್ಣನ ಕಣ್ಣು ಒಡೆದು ಪುಡಿಯಾಯಿತು, ಅವನೂ ಧೂಳಾದ. ಹೆಂಗಸರೆಲ್ಲ ನಾಚಿಕೆ ಬಿಟ್ಟು ತಂತಮ್ಮ ಗಂಡಂದಿರ ಹೆಸರು ಕೂಗಿದರು. ಕೊನೆಗೆ ಲಗಮವ್ವ ನಡುಗುತ್ತಾ ಅಂದಳು, "ಗುರುಪಾದಾ..."

ಇಪ್ಪತ್ತೈದರ ಹುಡುಗನಂತೆಯೇ ಇದ್ದ ಗುರುಪಾದ ಇಳಿದು ಬಂದ. ಅವಳ ಬಿಳಿ ಕೂದಲು ಸವರಿ, "ಇಷ್ಟು ತಡಾ ಮಾಡಿದ್ಯಲ್ಲೇ ಲಗಮಿ," ಅಂದ.

ಆಮೇಲೆ ಕೆಂಬರೆಯವರೆಲ್ಲ ಉಂಡುಟ್ಟು ಚೆಂದಾಗಿ ಬಾಳಿದರು. ಲಗಮವ್ವ ಮಾತ್ರ, ಏನೂ ಕೆಲಸ ಇಲ್ಲದಿದ್ದರೂ, ದಿನಕ್ಕೆ ನೂರು ಸಲ ಗಂಡನ ಹೆಸರು ಕೂಗ್ತಿದ್ದಳಂತೆ.