ನಾನು ಮರಳಿ ಸೇರಿಸಿದ ಮೌನ

ಹಳೆಯ ಪ್ರಾರ್ಥನಾಗೀತೆಯೊಂದನ್ನು ಗಾಯನಮೇಳ ಹಾಡಲೆಂದು ಅದರ ಪರಿಷ್ಕೃತ ಪಾಠ ಸಿದ್ಧಪಡಿಸುತ್ತಿದ್ದೆ. ಮೂಲ ಹಸ್ತಪ್ರತಿಯಲ್ಲಿ ಕೊನೆಯ ಸಾಲಿಗೆ ಮುಂಚೆ ಎಲ್ಲರೂ ಸುಮ್ಮನಿರಬೇಕಾದ ಒಂದು ವಿರಾಮವಿತ್ತು. ಆಮೇಲಿನ ಪ್ರತಿಯೊಂದು ನಕಲಿನಲ್ಲೂ ಬೇರೆ ಬೇರೆ ಕೈಗಳು ಅದನ್ನು ಹೊಡೆದುಹಾಕಿ ಸ್ವರ ತುಂಬಿದ್ದವು. ನಕಲುಗಾರರ ಅಧಿಕಪ್ರಸಂಗತನ ಎಂದುಕೊಂಡು ವಿರಾಮವನ್ನು ಮರಳಿ ಸೇರಿಸಿದೆ.

ಮಧ್ಯಾಹ್ನದ ತಾಲೀಮಿನಲ್ಲಿ ಮೇಳ ಅಲ್ಲಿ ನಿಂತಿತು. ಒಂದು ದನಿ ಮಾತ್ರ ನಿಲ್ಲಲಿಲ್ಲ. ಗಂಟಲಲ್ಲಿ ನೀರು ನಿಂತಂಥ ತಗ್ಗಿದ ದನಿ.

"ಯಾರ್ರೀ ಅದು? ಒಂದ್ ಗಳಿಗೆ ಸುಮ್ನಿರೋಕೆ ಏನ್ ಕಷ್ಟ ನಿಮ್ಗೆ?" ಮೇಳದ ನಿರ್ದೇಶಕರು ರೇಗಿದರು.

ಎಲ್ಲರ ಬಾಯೂ ಮುಚ್ಚಿತ್ತು. ದನಿ ಹಾಡುತ್ತಲೇ ಇತ್ತು.

ಮರುದಿನವೇ ವಿರಾಮ ತೆಗೆದು ಸ್ವರ ತುಂಬಿದೆ. ಮೇಳಕ್ಕೆ ಮತ್ತೆ ಆ ಕಾಟವಿಲ್ಲ. ಆದರೆ ಊಟಕ್ಕೆ ಕೂತು ನಾವಿಬ್ಬರೂ ಮಾತು ನಿಲ್ಲಿಸಿದರೆ ಸಾಕು, ಹೆಂಡತಿ ತಲೆಯೆತ್ತಿ ನನ್ನನ್ನೇ ನೋಡುತ್ತಾಳೆ.

"ಬಾಯ್ತುಂಬ ತುತ್ತು ಇಟ್ಕೊಂಡು ಅದು ಹೇಗ್ರೀ ಹಾಡ್ತೀರಾ?"